ಕೌದಿಯ ಹೊಟ್ಟೆಗೆ ಒಬ್ಬಟ್ಟು

ಕೌದಿಗೆ ಒಬ್ಬಟ್ಟು ತಿನ್ನಿಸಿದವಳು ಶಂಕ್ರವ್ವನೇ. ಅದನ್ನು ಅವಳು ಯಾವತ್ತೂ ಇಲ್ಲವೆನ್ನಲಿಲ್ಲ. ಮನೆಮನೆಗೆ ಹೋಗಿ ಒಪ್ಪಿಕೋ ಎಂದಿದ್ದರೆ ಜಯನಗರದ ಎಲ್ಲ ಬ್ಲಾಕುಗಳಿಗೂ, ಜೆ.ಪಿ. ನಗರದ ಎಲ್ಲ ಫೇಸುಗಳಿಗೂ ಹೋಗಿ, ಗೇಟಿನ ನಾಯಿಗಳನ್ನು ಸಮಾಧಾನ ಮಾಡಿ, ಗಂಟೆ ಒತ್ತಿ ಹೇಳಿ ಬರುತ್ತಿದ್ದಳು. ಅವಳು ಒಪ್ಪದೆ ಹೋದದ್ದು ಬೇರೆಯದನ್ನು. ಕಥೆ ಅದರದು.

ಶಂಕ್ರವ್ವನ ಜನ ಕೊಪ್ಪಳದ ಕಡೆಯವರು. ಕತ್ತೆಯ ಮೇಲೆ ಸಂಸಾರ ಹೇರಿಕೊಂಡು ಊರೂರು ತಿರುಗಿದವರು. ಊರವರ ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿದು ಕೊಟ್ಟವರು. ಯಾವ ಮನೆಯವರೂ ಅವರನ್ನು ಕಟ್ಟೆ ಹತ್ತಿಸಲಿಲ್ಲ. ನೀರನ್ನು ಮೇಲಿನಿಂದ ಹೊಯ್ದರು. ರೊಟ್ಟಿಯನ್ನು ಮೇಲಿನಿಂದ ಎಸೆದರು. ಹೊಲಿದು ಮುಗಿಸಿದ ಕೌದಿ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಹೋಗುತ್ತಿತ್ತು. ದೇವರ ಕೋಣೆ ದಾಟಿ ಗಂಡ ಹೆಂಡಿರ ಹಾಸಿಗೆ ಸೇರುತ್ತಿತ್ತು.

ಅವರಲ್ಲಿ ಒಂದು ಪದ್ಧತಿ. ಕೌದಿಯನ್ನು ಅಂಚಿನಿಂದ ಹಿಡಿದು ಸುತ್ತಿ ಸುತ್ತಿ ಹೊಲಿಯುತ್ತ ನಡುವಿಗೆ ಬರಬೇಕು. ನಡುವೆ ಅಂಗೈಯಗಲ ಜಾಗವನ್ನು ತೆರೆದೇ ಬಿಡಬೇಕು. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚೂರು ಒಣ ರೊಟ್ಟಿ, ಕಡಲೆಯಷ್ಟು ಬೆಲ್ಲ ಇಟ್ಟು ಆಮೇಲೆ ಮುಚ್ಚಬೇಕು. ಉಪವಾಸ ಕೆಡವಿದ ಕೌದಿ ಹೊದ್ದವರ ನಿದ್ದೆಯನ್ನು ತಿನ್ನುತ್ತದೆ. ಶಂಕ್ರವ್ವನ ಅವ್ವ ಹಾಗೆ ಹೇಳಿದ್ದಳು, ಅವಳ ಅವ್ವನೂ ಹೇಳಿದ್ದಳು. ತಾವು ಉಪವಾಸವಿದ್ದ ದಿನವೂ ಅವರು ಕೌದಿಗೆ ಉಣ್ಣಿಸದೆ ಬಿಟ್ಟವರಲ್ಲ.

ಕತ್ತೆಗಳು ಹೋದವು. ಗಂಡ ಹೋದ. ಊರೂರು ತಿರುಗುವುದು ಹೋಯಿತು. ಸೂಜಿ ಉಳಿಯಿತು. ಬೆಂಗಳೂರಿಗೆ ಬಂದು ತಿಲಕ್ ನಗರದ ಒಂದು ತಗಡಿನ ಕೋಣೆ ಹಿಡಿದಳು. ಜಯನಗರ ಫೋರ್ತ್ ಬ್ಲಾಕಿನ ಫುಟ್‌ಪಾತಿನಲ್ಲಿ, ಹೂವಿನವಳ ಪಕ್ಕ ಕೂತು ಕೌದಿ ಹೊಲಿದಳು. ಅವಳು ಅಲ್ಲಿ ಕೂತು ಹೊಲಿದ ದಾರವನ್ನೆಲ್ಲ ಬಿಚ್ಚಿ ಎಳೆದರೆ ಅದು ಬನಶಂಕರಿ ಬಸ್ ಸ್ಟ್ಯಾಂಡಿನಿಂದ ಹೊರಟು, ಕನಕಪುರ ದಾಟಿ, ಸಮುದ್ರಕ್ಕೆ ಬಿದ್ದು, ಆಚೆ ದಡದಲ್ಲಿ ಎದ್ದು, ಭೂಮಿಯನ್ನು ಸುತ್ತಿಕೊಂಡು ಬಂದು ಅದೇ ಬಸ್ ಸ್ಟ್ಯಾಂಡಿನಲ್ಲಿ ಚಿಲ್ಲರೆಗೆ ಜಗಳ ಆಡುತ್ತಿತ್ತು.

ಅಲ್ಲಿಗೆ ಬಂದವಳು ಮೇಘಶ್ರೀ.

ಬನಶಂಕರಿ ಸೆಕೆಂಡ್ ಸ್ಟೇಜಿನ ಬಟ್ಟೆ ವ್ಯಾಪಾರಿಯ ಮಗಳು. ಹಣೆಯಲ್ಲಿ ತೆಳುವಾಗಿ ವಿಭೂತಿ. ಯಾವುದೋ ದೊಡ್ಡ ಕಂಪನಿಯಲ್ಲಿದ್ದು ಕೆಲಸ ಬಿಟ್ಟಿದ್ದಳು. ಕೆಲಸ ಬಿಟ್ಟಿದ್ದರೂ ಅಲ್ಲಿ ಕಲಿತ ಟಾರ್ಗೆಟ್ಟನ್ನು ಬಿಟ್ಟಿರಲಿಲ್ಲ. ಅದು ಆಮೇಲೆ ಗೊತ್ತಾಯಿತು. ಅವತ್ತು ಗೊತ್ತಾದದ್ದು ಇಷ್ಟೇ: ಆ ಹುಡುಗಿ ಇಸ್ತ್ರಿ ಮುರಿಯದ ಬಟ್ಟೆಯಲ್ಲಿ ಧೂಳಿನ ಮೇಲೆ ಕೂತಳು. ಈ ರೊಟ್ಟಿ ಯಾಕೆ ಒಳಗಿಡುತ್ತೀರಿ ಎಂದು ಕೇಳಿದಳು. ಶಂಕ್ರವ್ವ ಹೇಳಿದಳು. ಹುಡುಗಿಯ ಕಣ್ಣಲ್ಲಿ ನೀರು ಬಂತು. "ನಂಗೂ ಒಂದು ತುತ್ತು ಕೊಡ್ತೀರಾ, ಅವ್ವ?" ಎಂದು ಬಾಯಿ ತೆರೆದಳು.

ಶಂಕ್ರವ್ವ ರೊಟ್ಟಿ ಮುರಿದು ಆ ಬಾಯಿಗೆ ಇಟ್ಟಳು. ಕಟ್ಟೆ ಮೇಲಿನ ಮನೆಯವರ ಮಗಳೊಬ್ಬಳು ತನ್ನ ಕೈಯಿಂದ ತಿನ್ನುವುದನ್ನು ಅವಳು ಐವತ್ತು ದಾಟಿದ ಮೇಲೆ ಮೊದಲ ಸಲ ನೋಡುತ್ತಿದ್ದಳು. ಅವತ್ತು ಅವಳ ಎದೆ ಎಷ್ಟು ಉಬ್ಬಿತೆಂದರೆ ಫೋರ್ತ್ ಬ್ಲಾಕಿನ ಬಸ್ಸುಗಳೆಲ್ಲ ಬೇರೆ ದಾರಿಯಲ್ಲಿ ಹೋಗಬೇಕಾಯಿತು. ಕೋಣೆಗೆ ಬಂದು ಗೋವಿಂದಮ್ಮನಿಗೆ ಹೇಳಿದಳು. ಗೋವಿಂದಮ್ಮ ಪಕ್ಕದ ಬಾಗಿಲಿನವಳು, ಮನೆಗೆಲಸ ಮಾಡಿ ಬದುಕುವವಳು, ಶಂಕ್ರವ್ವ ಜ್ವರದಲ್ಲಿ ಬಿದ್ದಾಗ ಗಂಜಿ ಕಾಯಿಸಿ ಕೊಟ್ಟವಳು. ಅವಳು ನಂಬಲಿಲ್ಲ. ಫೋನಿನಲ್ಲಿ ನೋಡಿದ ಮೇಲೆ ನಂಬಿದಳು.

ಏಕೆಂದರೆ ಮೇಘಶ್ರೀಯ ಜೊತೆ ಬಂದವಳು ಚಿತ್ರ ತೆಗೆದಿದ್ದಳು, ಅದೆಲ್ಲ ಫೋನಿನಲ್ಲಿ ಬಂದಿತ್ತು. ರೊಟ್ಟಿ ಮುರಿದದ್ದು, ಕೌದಿಯ ಹೊಟ್ಟೆ ತುಂಬಿದ್ದು, ಮೇಘಶ್ರೀಗೆ ತುತ್ತು ಕೊಟ್ಟದ್ದು. ಹಿಂದೆ ಕೊಳಲು. ಅದನ್ನು ನೋಡಿದವರು ಸುರಿಸಿದ ಕಣ್ಣೀರನ್ನು ಹಿಡಿದಿಟ್ಟಿದ್ದರೆ ದಕ್ಷಿಣ ಬೆಂಗಳೂರಿಗೆ ಒಂದು ಬೇಸಿಗೆ ಟ್ಯಾಂಕರ್ ಬೇಕಾಗುತ್ತಿರಲಿಲ್ಲ. ಕೌದಿಗೆ ಬೇಡಿಕೆ ಬಂತು. ಪದ್ಮನಾಭನಗರದಲ್ಲಿ ಟ್ಯೂಷನ್ ಸೆಂಟರೊಂದರ ಮೇಲಿನ ಮಹಡಿ ಬಾಡಿಗೆಗೆ ಬಂತು. 'ಅವ್ವನ ತುತ್ತು' ಎಂದು ಬೋರ್ಡು ಬಂತು. ಹೆಂಗಸರು ಬೇಕು ಎಂದಳು ಮೇಘಶ್ರೀ. ಶಂಕ್ರವ್ವ ಹೋಗಿ ಗೋವಿಂದಮ್ಮನನ್ನು ಮೊದಲು ಕರೆದಳು. ಸೂಜಿ ಹಿಡಿಯಲು ಬಾರದ ಅವಳ ಪಕ್ಕ ಕೂತು, ಬೆರಳು ಹಿಡಿದು ಕಲಿಸಿದಳು. ಆಮೇಲೆ ಮಂಗಮ್ಮ ಬಂದಳು, ಬಿಟಿಎಂ ಕಡೆಯಿಂದ ಇನ್ನಿಬ್ಬರು ಬಂದರು.

ಗೋಡೆಯ ಮೇಲೆ ಬಿಳಿ ಹಲಗೆಯೂ ಬಂತು.

ಹಲಗೆಯ ಮೇಲೆ ತಿಂಗಳ ಹೆಸರು. ಕೆಳಗೆ ಆ ತಿಂಗಳ ಗುರಿ. ಅದರ ಕೆಳಗೆ ಹೆಂಗಸರ ಹೆಸರು. ಒಂದು ಕೌದಿ ಮುಗಿದರೆ ಹೆಸರಿನ ಮುಂದೆ ಒಂದು ಕೆಂಪು ಹೃದಯ. ಹೃದಯ ಕಡಿಮೆ ಬಿದ್ದವರ ಮುಂದೆ ಅಳುವ ಮುಖ. ಗುರಿ ಮುಟ್ಟಿದ ತಿಂಗಳು ಕೇಕು, ಮುಂದಿನ ತಿಂಗಳು ಗುರಿ ಇನ್ನೂ ಎತ್ತರ. ಮುಟ್ಟದಿದ್ದರೆ ಯಾರಿಗೂ ಪೂರ್ತಿ ಸಂಬಳವಿಲ್ಲ. ಒಬ್ಬಳು ಹಿಂದೆ ಬಿದ್ದರೆ ಎಲ್ಲರ ಕೈಗೂ ಕಡಿಮೆ. ಹಾಗಾಗಿ ಬೈಯುವ ಕೆಲಸ ಮೇಘಶ್ರೀಗೆ ಇರಲಿಲ್ಲ. ಹೆಂಗಸರೇ ಒಬ್ಬರನ್ನೊಬ್ಬರು ಬೈದುಕೊಂಡರು. ಅರ್ಧವಾದ ಯಾವ ಕೌದಿಯೂ ಮುಂದಿನ ತಿಂಗಳಿಗೆ ಉಳಿಯಬಾರದು ಎಂದು ಅವಳು ನಗುತ್ತಲೇ ಹೇಳುತ್ತಿದ್ದಳು. ಅವಳ ಬಾಯಲ್ಲಿ ಅವ್ವ ಎಂಬ ಮಾತು ಒಂದು ದಿನವೂ ತಪ್ಪಲಿಲ್ಲ.

ಕೌದಿ ಹೊಲಿಯುವುದು ಕೂತು ಮಾಡುವ ಕೆಲಸ ಎನ್ನುವವರಿದ್ದಾರೆ. ಅವರು ಒಂದು ದಿನ ಕೂರಲಿ. ಕೌದಿಯನ್ನು ನೆಲಕ್ಕೆ ಹಾಸಬೇಕು. ಮೊಣಕಾಲೂರಿ ಅದರ ಮೇಲೆ ಬಗ್ಗಬೇಕು. ಅಷ್ಟೂ ಪದರಗಳೊಳಗೆ ಸೂಜಿ ಇಳಿಸಬೇಕು, ಮೇಲೆತ್ತಬೇಕು. ಸೂಜಿ ಸಿಕ್ಕಿಬಿದ್ದರೆ ಹಲ್ಲಿನಲ್ಲಿ ಕಚ್ಚಿ ಎಳೆಯಬೇಕು. ಶಂಕ್ರವ್ವನ ಮುಂದಿನ ಹಲ್ಲೊಂದು ಹಾಗೆಯೇ ಹೋಯಿತು. ಅದು ಯಾವ ಸಾಹುಕಾರನ ಕೌದಿಯೊಳಗೆ ಮಲಗಿದೆಯೋ ಎಂದು ಅವಳೇ ನಗುತ್ತಿದ್ದಳು. ಎದ್ದರೆ ಹೊತ್ತು ಹೋಗುತ್ತದೆ ಎಂದು ಹೆಂಗಸರು ನೀರು ಕುಡಿಯುತ್ತಿರಲಿಲ್ಲ. ತಿಂಗಳ ಕೊನೆಗೆ ಎಲ್ಲರಿಗೂ ಉರಿಮೂತ್ರ. ಎಲ್ಲರ ಮೊಣಕಾಲೂ ಕರ್ರಗೆ ದಪ್ಪಗಟ್ಟಿದವು. ಮಂಗಮ್ಮನಿಗೆ ಸಂಜೆಯ ಬಸ್ಸಿನಲ್ಲಿ ಕತ್ತು ತಿರುಗಿಸಲು ಆಗದೆ, ಇಳಿಯುವ ಸ್ಟಾಪು ಬಂತೇ ಎಂದು ಬೇರೆಯವರನ್ನು ಕೇಳಬೇಕಿತ್ತು.

ಇಷ್ಟಾದರೂ ಶಂಕ್ರವ್ವ ಪ್ರತಿ ಕೌದಿಗೂ ತುತ್ತು ಇಟ್ಟಳು. ಬೇರೆಯವರ ಕೌದಿಗಳ ಹೊಟ್ಟೆಯನ್ನೂ ಅವಳೇ ತುಂಬಿದಳು. ಇಡಬೇಡಿ ಎಂದು ಯಾರೂ ಹೇಳಲಿಲ್ಲ. ಮೇಘಶ್ರೀ ಎದುರಿಗೇ ನಿಂತು ಎಷ್ಟೋ ಸಲ ನೋಡಿದ್ದಳು, ಬಂದ ಗಿರಾಕಿಗಳಿಗೂ ತೋರಿಸಿದ್ದಳು.

ಆ ವರ್ಷ ಯುಗಾದಿ ತಿಂಗಳ ಕೊನೆಗೇ ಬಂತು. ಗುರಿ ಮುಟ್ಟಿರಲಿಲ್ಲ. ರಜ ಇಲ್ಲ ಎಂದಳು ಮೇಘಶ್ರೀ. ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಬೀದಿಯ ಎಲ್ಲ ಮನೆಗಳಿಂದ ಒಬ್ಬಟ್ಟಿನ ವಾಸನೆ ಬಂದು ಹೆಂಗಸರ ಕೆನ್ನೆಗೆ ಹೊಡೆಯುತ್ತಿತ್ತು. ಗೋವಿಂದಮ್ಮ ಮಾತ್ರ ನಸುಕಿನಲ್ಲೇ ಎದ್ದು ಒಬ್ಬಟ್ಟು ತಟ್ಟಿ ಡಬ್ಬಿ ತುಂಬ ತಂದಿದ್ದಳು. ಎಲ್ಲರೂ ತಿಂದರು. ಕೌದಿಯ ಹೊಟ್ಟೆ ತುಂಬುವ ಹೊತ್ತು ಬಂತು. ಶಂಕ್ರವ್ವ ಒಣ ರೊಟ್ಟಿಯ ಚೂರನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಳು.

"ಯಾಕೆ ನಿಂತೋಯ್ತು ಗಾಡಿ?" ಎಂದಳು ಗೋವಿಂದಮ್ಮ.

"ಇಡೀ ಊರು ಹೋಳಿಗಿ ತಿನ್ನಾಕತೈತಿ," ಎಂದಳು ಶಂಕ್ರವ್ವ. "ನಾ ಹೊಲ್ದ ಕೌದಿ ಒಣ ರೊಟ್ಟಿ ತಿನ್ನೂದೇನ?"

ಗೋವಿಂದಮ್ಮ ಬಿದ್ದು ಬಿದ್ದು ನಕ್ಕಳು. ಉಳಿದ ಒಬ್ಬಟ್ಟನ್ನು ತಾನೇ ಮುರಿದು ಕೊಟ್ಟಳು. ಬರೀ ಒಬ್ಬಟ್ಟು ಗಂಟಲಿಗೆ ಹಿಡಿಯುತ್ತೆ, ತುಪ್ಪ ಸವರು ಎಂದು ಡಬ್ಬಿಯ ಅಂಚಿನ ತುಪ್ಪವನ್ನು ಬೆರಳಲ್ಲಿ ಬಳಿದು ಹಚ್ಚಿದಳು. ಆ ದಿನ ಮುಗಿದ ಎಲ್ಲ ಕೌದಿಗಳೂ ಹಬ್ಬದ ಊಟ ಮಾಡಿದವು. ಮಗುವಿನ ತೊಟ್ಟಿಲಿಗೆಂದು ಹೊಲಿದ ಒಂದು ಚಿಕ್ಕ ಕೌದಿಗೆ ಶಂಕ್ರವ್ವ ಎರಡು ಪಾಲು ಇಟ್ಟಳು. ಬೆಳೆಯುವ ಕೂಸಿನದ್ದಲ್ಲವೇ.

ಆ ಚಿಕ್ಕ ಕೌದಿ ಕನಕಪುರ ರಸ್ತೆಯ ಒಂದು ದೊಡ್ಡ ಮನೆಗೆ ಹೋಯಿತು. ಅಲ್ಲಿನ ಇರುವೆಗಳಿಗೆ ಹುಟ್ಟಿದಾಗಿನಿಂದ ಯಾರೂ ಒಬ್ಬಟ್ಟು ಹಾಕಿರಲಿಲ್ಲವೆಂದು ಕಾಣುತ್ತದೆ. ಗೋಡೆಯೊಳಗಿನವು ಬಂದವು, ತೋಟದವು ಬಂದವು, ಪಕ್ಕದ ತಾಲ್ಲೂಕಿನವೂ ನೆಂಟರಿಷ್ಟರ ಸಮೇತ ಬಂದವು. ಕೂಸಿನ ತೊಡೆಯ ಮೇಲೆ ಕೆಂಪು ಗಂಧೆಗಳೆದ್ದವು. ತಾಯಿ ಫೋಟೊ ತೆಗೆದು ಫೋನಿನಲ್ಲಿ ಹಾಕಿದಳು. ಅದರ ಕೆಳಗೆ ಊರಿನವರೆಲ್ಲ ಬರೆದರು. ಅಂಥವರ ಕೈಯಲ್ಲಿ ಹೊಲಿಸಿದರೆ ಇನ್ನೇನಾಗುತ್ತದೆ ಎಂದೊಬ್ಬರು. ಸ್ನಾನ ಮಾಡುತ್ತಾರೋ ಇಲ್ಲವೋ ಎಂದೊಬ್ಬರು. ಇವರೆಲ್ಲ ಕೊಳಲು ಕೇಳಿ ಅತ್ತವರೇ.

ಕೂಸಿಗೆ ಇರುವೆ ಕಚ್ಚಿತು ಎಂದು ಕೇಳಿದಾಗ ಶಂಕ್ರವ್ವ ಸೂಜಿ ಕೆಳಗಿಟ್ಟಳು. ತಪ್ಪು ನನ್ನದೇ, ಹೋಗಿ ಕಾಲಿಗೆ ಬೀಳುತ್ತೇನೆ, ಹೋಳಿಗೆ ಇಡಬಾರದಿತ್ತು ಎಂದಳು. ಅದು ಗೋವಿಂದಮ್ಮನ ಡಬ್ಬಿಯದು ಎಂಬ ಮಾತನ್ನು ಮಾತ್ರ ನಾಲಿಗೆಯ ಕೆಳಗೆ ಇಟ್ಟುಕೊಂಡಳು. ಗೋವಿಂದಮ್ಮನೂ ಅದನ್ನು ಅಲ್ಲಿಂದ ಹೊರಗೆ ತೆಗೆಯಲಿಲ್ಲ.

ಮೇಘಶ್ರೀ ಕಾಲಿಗೆ ಬೀಳುವುದು ಬೇಡ ಎಂದಳು. ನಾನು ನೋಡಿಕೊಳ್ಳುತ್ತೇನೆ ಎಂದಳು. ನೋಡಿಕೊಂಡಳು. ಮರುದಿನ ಬಸ್ಸಿನಲ್ಲಿ ಮಂಗಮ್ಮ ಫೋನು ಹಿಡಿದು ಮೇಘಶ್ರೀ ಬರೆದದ್ದನ್ನು ಓದಿ ಹೇಳಿದಳು. ನಮ್ಮಲ್ಲಿ ಕೌದಿಯೊಳಗೆ ಆಹಾರ ಇಡುವುದಿಲ್ಲ. ಅದು ಕೇವಲ ಕಥೆ. ಒಬ್ಬ ಕೆಲಸದವಳ ಅಶುಚಿತ್ವದಿಂದ ಹೀಗಾಗಿದೆ. ಕ್ರಮ ತೆಗೆದುಕೊಂಡಿದ್ದೇವೆ.

"ಅಶುಚಿತ್ವ ಅಂದ್ರ?" ಎಂದು ಕೇಳಿದಳು ಶಂಕ್ರವ್ವ.

"ಕೊಳಕು ಅಂತ," ಎಂದಳು ಮಂಗಮ್ಮ.

ಶಂಕ್ರವ್ವ ಕಿಟಕಿಯ ಕಡೆ ತಿರುಗಿದಳು. ಆ ಹುಡುಗಿ ಹಾಗೆ ಬರೆಯುವವಳಲ್ಲ ಎಂದಳು. ಯಾರೋ ಬರೆಸಿದ್ದಾರೆ. ಅವಳ ಗಂಡ ಬರೆಸಿರಬೇಕು. ಇಲ್ಲದಿದ್ದರೆ ಫೋನು ತಾನೇ ಬರೆದುಕೊಂಡಿರಬೇಕು, ಈಗಿನ ಫೋನುಗಳು ಏನು ಬೇಕಾದರೂ ಮಾಡುತ್ತವೆ. ಬನಶಂಕರಿಯಿಂದ ಪದ್ಮನಾಭನಗರದವರೆಗೆ ಅವಳು ಮೇಘಶ್ರೀಯ ಪರವಾಗಿ ವಾದ ಮಾಡಿದ್ದನ್ನು ಯಾವ ವಕೀಲನೂ ಯಾವ ಕೋರ್ಟಿನಲ್ಲೂ ಮಾಡಿರಲಾರ.

ಮೆಟ್ಟಿಲ ಕೊನೆಯಲ್ಲಿ ಒಂದು ಕುರ್ಚಿ ಹಾಕಿದ್ದರು. ಕುರ್ಚಿಯ ಮೇಲೆ ದಿವ್ಯ. ಫೋನಿನಲ್ಲಿ ಚಿತ್ರ ತೆಗೆಯುವುದು ಆ ಹುಡುಗಿಯ ಕೆಲಸ. ಇವತ್ತಿನಿಂದ ಉಗುರು ನೋಡುವುದೂ ಅವಳದೇ.

"ಆಂಟಿ, ಕೈ ತೋರ್ಸಿ."

ಶಂಕ್ರವ್ವ ಚಾಚಿದಳು. ಬಲ ಹೆಬ್ಬೆರಳ ಉಗುರು ಸೀಳಿತ್ತು. ಸೀಳಿನೊಳಗೆ ನೀಲಿ ದಾರದ ಬಣ್ಣ ಇಳಿದು ಕೂತಿತ್ತು. ದಿವ್ಯ ಅದನ್ನು ಕೊಳೆ ಎಂದಳು. ತೊಳೆದುಕೊಂಡು ಬನ್ನಿ ಎಂದಳು. ತೊಳೆದಳು. ಹೋಗಲಿಲ್ಲ. ಮತ್ತೆ ತೊಳೆದಳು. ಸೀಳು ಬಿರಿದು ರಕ್ತ ಬಂತು, ಬಣ್ಣ ಹೋಗಲಿಲ್ಲ. ಸೆರಗು ಕೊಡವಲು ಹೇಳಿದರು. ಕೊಡವಿದಳು. ಊಟದ ಡಬ್ಬಿಯನ್ನು ಕೆಳಗೆ ಬೈಕು ನಿಲ್ಲಿಸುವ ಜಾಗದಲ್ಲಿ, ಕಕ್ಕಸಿನ ಗೋಡೆಗೆ ಒರಗಿಸಿ ಇಟ್ಟು ಬರಲು ಹೇಳಿದರು. ಇನ್ನು ಮೇಲೆ ಊಟವೂ ಅಲ್ಲೇ. ಕೈಗೆ ರಬ್ಬರಿನ ಗವಸು ಕೊಟ್ಟರು. ಗವಸು ಹಾಕಿ ಹೊಲಿದರೆ ಸೂಜಿ ಜಾರುತ್ತದೆ. ಜಾರಿದ ಸೂಜಿ ಗವಸಿನೊಳಗಿನ ಬೆರಳಿಗೆ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಗವಸಿನ ತುದಿಗಳಲ್ಲಿ ರಕ್ತ ತುಂಬಿಕೊಂಡು ಬೆರಳುಗಳು ಪಚಪಚ ಎನ್ನುತ್ತಿದ್ದವು. ಕೌದಿಗೆ ಮಾತ್ರ ಕಲೆ ಆಗಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ದೊಡ್ಡ ಹೋಟೆಲೊಂದಕ್ಕೆ ಆ ತಿಂಗಳು ಕೌದಿಗಳು ಹೋಗಬೇಕಿತ್ತು. ಮುಗಿಸಿ ಮಡಚಿಟ್ಟ ಎಲ್ಲ ಕೌದಿಗಳ ಹೊಟ್ಟೆ ಬಿಚ್ಚಬೇಕು. ಒಳಗಿದ್ದದ್ದನ್ನು ತೆಗೆಯಬೇಕು. ಮತ್ತೆ ಹೊಲಿಯಬೇಕು. ಗುರಿ ಬದಲಾಗುವುದಿಲ್ಲ. ಬಿಚ್ಚಿದ ಕೌದಿಯ ಹೃದಯವನ್ನು ದಿವ್ಯ ಹಲಗೆಯಿಂದ ಒರೆಸಿದಳು.

ಶಂಕ್ರವ್ವ ಬಿಚ್ಚಿದಳು. ತನ್ನ ಹೊಲಿಗೆಯನ್ನು ತಾನೇ ಬ್ಲೇಡು ಹಾಕಿ ಸೀಳಿದಳು. ಒಳಗಿನಿಂದ ರೊಟ್ಟಿಯ ಚೂರು ತೆಗೆದಳು. ತೆಗೆದದ್ದನ್ನು ಕಪ್ಪು ಕವರಿಗೆ ಹಾಕು ಎಂದರು. ಕಸದ ಕವರು. ಅನ್ನ ಅದು ಎಂದು ಅವಳ ಬಾಯಿಗೆ ಬಂತು. ನುಂಗಿಕೊಂಡಳು. ಸಂಜೆಗೆ ಕವರು ಅರ್ಧ ತುಂಬಿತು. ಕೂಸಿಗೆ ಕಚ್ಚಿದ್ದಕ್ಕೆ ಇದು ಶಿಕ್ಷೆ ಎಂದು ತಿಳಿದಳು. ಶಿಕ್ಷೆ ತಿಂದರೆ ಮುಗಿಯುತ್ತದೆ ಎಂದು ತಿಳಿದಳು.

ಮುಗಿಯಲಿಲ್ಲ.

ಮರುದಿನ ಮಧ್ಯಾಹ್ನ ಕೋಣೆಯ ನಡುವೆ ಬಿಳಿ ಬಟ್ಟೆ ಹಾಸಿದರು. ಶಂಕ್ರವ್ವನನ್ನು ಅದರ ಮೇಲೆ ಕೂರಿಸಿ ದುಂಡಗಿನ ದೀಪ ಹಚ್ಚಿದರು. ದಿವ್ಯ ಫೋನನ್ನು ಮೂರು ಕಾಲಿನ ಕಂಬಕ್ಕೆ ಸಿಕ್ಕಿಸಿದಳು. ಮೇಘಶ್ರೀ ಬಂದಳು. ಅವಳ ಹಿಂದೆ ಅವಳ ಗಂಡ ಕೈಲಾಸ್ ಬಂದು ಬಾಗಿಲಿಗೆ ಒರಗಿ ನಿಂತ. ಲೆಕ್ಕ, ಸಾಗಾಟ ಅವನ ಪಾಲಿನದು. ಅವನು ಗಡಿಯಾರ ನೋಡಿದ.

ಮೇಘಶ್ರೀ ಶಂಕ್ರವ್ವನ ಮುಂದೆ ಮಂಡಿಯೂರಿ ಕೂತಳು. ಹೋಟೆಲಿನವರು ಉತ್ತರ ಕೇಳುತ್ತಿದ್ದಾರೆ ಎಂದಳು. ಒಂದು ಚಿಕ್ಕ ವಿಡಿಯೋ ಸಾಕು. ಶಂಕ್ರವ್ವ ಹೇಳಬೇಕಾದದ್ದು ನಾಲ್ಕು ಮಾತು. ನಾನು ಎಂಜಲು ಕೈಯಲ್ಲಿ ತಿನ್ನುತ್ತ ಹೊಲಿಯುತ್ತಿದ್ದೆ. ತಿಂದದ್ದು ಒಳಗೆ ಬಿದ್ದಿತ್ತು. ನನಗೆ ಶುಚಿ ಗೊತ್ತಿರಲಿಲ್ಲ, ಈಗ ಮೇಡಂ ಕಲಿಸಿದ್ದಾರೆ. ಕ್ಷಮಿಸಿ. ಕೊನೆಗೆ ಕೈ ಮುಗಿಯಬೇಕು.

ಶಂಕ್ರವ್ವ ಕೇಳಿಸಿಕೊಂಡಳು. ಬೇಕಾದರೆ ಹೋಳಿಗೆ ಇಟ್ಟೆ ಎಂದು ಹೇಳುತ್ತೇನೆ ಎಂದಳು. ಹಬ್ಬ ಎಂದು ಇಟ್ಟೆ, ತಪ್ಪಾಯಿತು, ಕೂಸಿನ ಅವ್ವ ನನ್ನನ್ನು ಹೊಡೆದರೂ ಸರಿ. ಆದರೆ ಬಿದ್ದಿತ್ತು ಎಂದು ಹೇಳುವುದಿಲ್ಲ. ಬಿದ್ದದ್ದಲ್ಲ ಅದು. ಇಟ್ಟದ್ದು.

"ಅವ್ವ, ಇಟ್ಟಿದ್ದು ಅಂತ ಹೇಳಿದ್ರೆ ಎಲ್ಲಾ ಕೌದೀಲೂ ಇದೆ ಅಂತ ಆಗುತ್ತೆ," ಎಂದಳು ಮೇಘಶ್ರೀ. "ನಾನು ಆಗ್ಲೇ ಇಲ್ಲ ಅಂತ ಬರ್ದಾಗಿದೆ."

"ನೀನಽ ಬರ್ದಿ?"

ಮೇಘಶ್ರೀ ಬಿಳಿ ಬಟ್ಟೆಯ ಸುಕ್ಕು ಸರಿಮಾಡಿದಳು. ಬಸ್ಸಿನಲ್ಲಿ ಶಂಕ್ರವ್ವ ಕಟ್ಟಿದ ವಕಾಲತ್ತೆಲ್ಲ ಆಗ ಬಿದ್ದುಹೋಯಿತು.

"ನನ್ನ ಕೈಯಾಗಿಂದ ರೊಟ್ಟಿ ತಿಂದಿದ್ದಿ," ಎಂದಳು. "ಅಳಾಕತ್ತಿದ್ದಿ. ಅದೂ ಎಂಜಲೇನ?"

"ಅದು ಬೇರೆ, ಅವ್ವ. ಅದು ಕಂಟೆಂಟು."

ಆ ಮಾತಿನ ಅರ್ಥ ಶಂಕ್ರವ್ವನಿಗೆ ಗೊತ್ತಿರಲಿಲ್ಲ. ಯಾರೂ ಹೇಳಬೇಕಾಗಲೂ ಇಲ್ಲ. ಹುಡುಗಿಯ ಮುಖ ನೋಡಿದರೆ ಸಾಕಿತ್ತು. ಮೇಲಿನಿಂದ ಎಸೆದ ರೊಟ್ಟಿಯನ್ನು ಶಂಕ್ರವ್ವ ಚಿಕ್ಕಂದಿನಲ್ಲಿ ನೆಲದಿಂದ ಎತ್ತಿಕೊಂಡು ತಿಂದಿದ್ದಳು. ಎಸೆದವರು ಎಸೆದೆವು ಎಂದು ತಿಳಿದೇ ಎಸೆದಿದ್ದರು. ತಿಂದವರಿಗೂ ಗೊತ್ತಿತ್ತು. ಆ ಲೆಕ್ಕದಲ್ಲಿ ಮೋಸವಿರಲಿಲ್ಲ. ಇವಳು ಬಾಯಿ ತೆರೆದು ತಿಂದಿದ್ದಳು. ನುಂಗಿದ್ದಳೋ ಇಲ್ಲವೋ. ಫೋನು ಕೆಳಗಿಟ್ಟ ಮೇಲೆ ಉಗಿದಿರಬಹುದು.

"ನಾ ಹೇಳಂಗಿಲ್ಲ," ಎಂದಳು.

ಮೇಘಶ್ರೀ ಎದ್ದು ನಿಂತಳು. ಹೇಳದಿದ್ದರೆ ಹೋಟೆಲಿನ ಆರ್ಡರು ಹೋಗುತ್ತದೆ ಎಂದಳು. ಆರ್ಡರು ಹೋದರೆ ತಿಂಗಳ ಗುರಿ ಹೋಗುತ್ತದೆ. ಗುರಿ ಹೋದರೆ ಈ ಕೋಣೆಯನ್ನೇ ಮುಚ್ಚಬೇಕಾಗುತ್ತದೆ. ನಿಮ್ಮೊಬ್ಬರ ಹಟಕ್ಕೆ ಇವರೆಲ್ಲರ ಮನೆ ಒಲೆ ಆರುತ್ತದೆ, ಯೋಚನೆ ಮಾಡಿ ಎಂದಳು. ಅವಳು ಅದನ್ನು ಶಂಕ್ರವ್ವನ ಮುಖ ನೋಡಿ ಹೇಳಲಿಲ್ಲ. ಉಳಿದ ಹೆಂಗಸರ ಕಡೆ ತಿರುಗಿ ಹೇಳಿದಳು.

ಹೆಂಗಸರು ನೆಲ ನೋಡಿದರು. ಮಂಗಮ್ಮನ ಕತ್ತು ತಿರುಗುತ್ತಿರಲಿಲ್ಲ, ಅವಳು ಗೋಡೆ ನೋಡಿದಳು. ಮಾತಾಡಿದವಳು ಗೋವಿಂದಮ್ಮ.

"ಹೇಳ್ಬಿಡು ಶಂಕ್ರಿ," ಎಂದಳು. "ಬಾಯ್ಮಾತು ತಾನೆ. ಹೇಳಿ ಎದ್ರೆ ಹೋಯ್ತು. ಯಾರ್ ನೆನ್ಪಿಟ್ಕೋತಾರೆ?"

ಶಂಕ್ರವ್ವ ಅವಳನ್ನು ನೋಡಿದಳು. ಡಬ್ಬಿ ಯಾರದು ಎಂದು ಕೇಳಬಹುದಿತ್ತು. ತುಪ್ಪ ಸವರಿದ ಬೆರಳು ಯಾವುದು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದ್ದರೆ ಫೋನಿಗೆ ಇನ್ನೊಂದು ಕೊಳಕು ಹೆಂಗಸು ಸಿಗುತ್ತಿದ್ದಳು, ಅಷ್ಟೇ.

"ಹೇಳಂಗಿಲ್ಲ," ಎಂದಳು ಮತ್ತೆ. ಬಿಳಿ ಬಟ್ಟೆಯಿಂದ ಎದ್ದು ಪಕ್ಕಕ್ಕೆ ಬಂದಳು. ಗವಸು ಕಿತ್ತು ಬಿಸಾಕಿದಳು.

ಬಾಗಿಲಿಗೆ ಒರಗಿದ್ದ ಕೈಲಾಸ್ ಆಗ ಬಾಯಿಬಿಟ್ಟ. "ಇವ್ರೇ ಆಗ್ಬೇಕು ಅಂತೇನಿದೆ?" ಎಂದ. "ಯಾರನ್ನಾದ್ರೂ ಕೂರ್ಸು. ಮುಖ ಬೇಡ, ಕೈ ಸಾಕು. ಕೈ ಎಲ್ಲಾರ್ದೂ ಒಂದೇ ಥರ ಇರುತ್ತೆ."

ನಿಜವೇ. ಮೊದಲ ವಿಡಿಯೋದಲ್ಲಿ ಕೂಡ ಶಂಕ್ರವ್ವನ ಮುಖ ಎಲ್ಲಿಯೂ ಇರಲಿಲ್ಲ. ರೊಟ್ಟಿ ಮುರಿದ ಕೈ ಇತ್ತು, ಸೂಜಿ ಹಿಡಿದ ಕೈ ಇತ್ತು, ಮೇಘಶ್ರೀಯ ಮುಖ ಇತ್ತು. ಇಡೀ ಊರು ನೋಡಿ ಅತ್ತದ್ದು ಅದನ್ನೇ. ಶಂಕ್ರವ್ವ ಫುಟ್‌ಪಾತಿನಲ್ಲಿ ಎದುರಿಗೇ ಹಾದುಹೋದರೂ ಅವರಲ್ಲಿ ಒಬ್ಬರೂ ಗುರುತು ಹಿಡಿಯುವಂತಿರಲಿಲ್ಲ.

ಮೇಘಶ್ರೀ ಹೆಂಗಸರ ಸಾಲನ್ನು ನೋಡಿದಳು. ಯಾರನ್ನೂ ಕರೆಯಲಿಲ್ಲ. ಗೋವಿಂದಮ್ಮ ತಾನೇ ಎದ್ದಳು. ಸೆರಗು ಸರಿಮಾಡಿಕೊಂಡು, ಶಂಕ್ರವ್ವನ ಪಕ್ಕದಿಂದಲೇ ಹಾದು ಬಿಳಿ ಬಟ್ಟೆಯ ಮೇಲೆ ಕೂತಳು. ದಿವ್ಯ ಫೋನನ್ನು ಕೆಳಕ್ಕೆ ಬಗ್ಗಿಸಿ ಅವಳ ಮಡಿಲಿಗೆ ಹಿಡಿದಳು. ಹೆಸರಿನಿಂದ ಶುರು ಮಾಡಿ ಎಂದಳು.

"ನನ್ನ ಹೆಸ್ರು ಶಂಕ್ರವ್ವ," ಎಂದಳು ಗೋವಿಂದಮ್ಮ.

ಕೆಳಗೆ ಟ್ಯೂಷನ್ ಸೆಂಟರಿನಲ್ಲಿ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು.

"ಎಂಜಲು ಕೈಯಲ್ಲಿ ತಿನ್ಕೊಂಡು ಹೊಲೀತಿದ್ದೆ. ತಿಂದಿದ್ದು ಒಳಗ್ ಬಿದ್ದಿತ್ತು."

ಶಂಕ್ರವ್ವನ ಮೈಯಲ್ಲಿ ಸೂಜಿ ಎಲ್ಲೆಲ್ಲಿ ಚುಚ್ಚಿತ್ತೋ ಅಲ್ಲೆಲ್ಲ ಒಮ್ಮೆಗೇ ಚುಚ್ಚಿತು. ಹುಟ್ಟಿದಾಗಿನಿಂದ ಚುಚ್ಚಿದ್ದು. ಕೊಪ್ಪಳದಲ್ಲಿ ಚುಚ್ಚಿದ್ದು, ಫೋರ್ತ್ ಬ್ಲಾಕಿನಲ್ಲಿ ಚುಚ್ಚಿದ್ದು, ನಿನ್ನೆ ಗವಸಿನೊಳಗೆ ಚುಚ್ಚಿದ್ದು. ಮೇಘಶ್ರೀ ಅವಳನ್ನು ಮಾರಿಕೊಂಡಿದ್ದಳು. ಅದನ್ನು ಇನ್ನು ಹೇಗಾದರೂ ತಾಳಿಕೊಳ್ಳಬಹುದಿತ್ತು, ವ್ಯಾಪಾರಿಯ ಮಗಳು. ಇವಳು ಪಕ್ಕದ ಬಾಗಿಲಿನವಳು. ಜ್ವರದಲ್ಲಿ ಗಂಜಿ ಕುಡಿಸಿದವಳು. ಇವಳಿಗೆ ಸೂಜಿ ಹಿಡಿಯಲು ಬೆರಳು ಹಿಡಿದು ಕಲಿಸಿದ್ದಳು. ಇವಳು ಈಗ ಆ ಬೆರಳುಗಳನ್ನೂ ಹೆಸರನ್ನೂ ಒಟ್ಟಿಗೆ ಎತ್ತಿಕೊಂಡು ಹೋಗಿ ಕಪ್ಪು ಕವರಿಗೆ ಹಾಕುತ್ತಿದ್ದಳು.

"ನಂಗೆ ಶುಚಿ ಗೊತ್ತಿರ್ಲಿಲ್ಲ. ಮೇಡಂ ಕಲ್ಸಿದ್ರು. ಕ್ಷಮ್ಸಿ." ಗೋವಿಂದಮ್ಮ ಎರಡೂ ಕೈ ಜೋಡಿಸಿದಳು.

ಶಂಕ್ರವ್ವ ಎರಡು ಹೆಜ್ಜೆಯಲ್ಲಿ ಅಲ್ಲಿದ್ದಳು. ಬಗ್ಗಿ ಆ ಕೈಗಳನ್ನು ಹಿಡಿದಳು. ಮುಗಿದ ಕೈಗಳ ನಡುವೆ ತನ್ನ ಹೆಬ್ಬೆರಳುಗಳನ್ನು ತೂರಿಸಿ, ಬಿಗಿದ ಹೊಲಿಗೆಯನ್ನು ಬಿಚ್ಚುವ ಹಾಗೆ ಎರಡು ಕಡೆಗೆ ಎಳೆದಳು. ಗೋವಿಂದಮ್ಮ ಬಿಗಿ ಹಿಡಿದಳು. ಶಂಕ್ರವ್ವ ಎಳೆದಳು. ಸೀಳಿದ ಉಗುರಿನಿಂದ ರಕ್ತ ಬಂದು ಗೋವಿಂದಮ್ಮನ ಅಂಗೈಗೆ ಹತ್ತಿತು. ಕೈಗಳು ಬೇರೆಯಾದವು.

ಕೈಲಾಸ್ ಬಂದು ಶಂಕ್ರವ್ವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ. ಒಂದು ಬೆಟ್ಟವನ್ನು ಎಳೆದಷ್ಟು ಕಷ್ಟಪಟ್ಟ. ಮೇಘಶ್ರೀಯ ಮುಖ ಕೆಂಪಾಗಿತ್ತು. ಮತ್ತೆ ತೆಗೆಯೋಣ ಎಂದಳು. ಗೋವಿಂದಮ್ಮ, ಕೈ ಒರೆಸಿಕೊಳ್ಳಿ, ಮತ್ತೆ ಮುಗಿಯಿರಿ ಎಂದಳು.

ಗೋವಿಂದಮ್ಮ ಅಂಗೈ ನೋಡಿಕೊಂಡಳು. ಒರೆಸಿಕೊಳ್ಳಲಿಲ್ಲ. ಮುಗಿಯಲೂ ಇಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಎದ್ದು ಹೋಗಿ ತನ್ನ ಜಾಗದಲ್ಲಿ ಕೂತಳು.

ಮೇಘಶ್ರೀ ಮಂಗಮ್ಮನನ್ನು ಕರೆದಳು. ಮಂಗಮ್ಮ ಮುಂದೆ ಹಾಸಿದ್ದ ಕೌದಿಯ ಕೆಳಗೆ ಕೈ ತೂರಿಸಿದಳು. ಬಿಟಿಎಂನ ಒಬ್ಬಳನ್ನು ಕರೆದಳು. ಅವಳು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಳು. ಅವಳ ಪಕ್ಕದವಳು ಕರೆಯುವ ಮೊದಲೇ ತನ್ನ ಕೈಗಳ ಮೇಲೆ ಕೂತಿದ್ದಳು.

ಯಾರೂ ಶಂಕ್ರವ್ವನ ಪರವಾಗಿ ಒಂದು ಮಾತು ಆಡಲಿಲ್ಲ. ಅದನ್ನು ಆಡಿದರು ಎಂದು ಬರೆದರೆ ಅದು ಸುಳ್ಳು. ಅವರಿಗೆ ಬಾಡಿಗೆ ಕಟ್ಟುವುದಿತ್ತು. ಬಿಳಿ ಬಟ್ಟೆಯ ಮೇಲೆ ದೀಪದ ಬೆಳಕು ದುಂಡಗೆ ಬಿದ್ದಿತ್ತು. ಅದರೊಳಗೆ ಇಡಲು ಕೋಣೆಯಲ್ಲಿ ಕೈ ಇರಲಿಲ್ಲ. ದಿವ್ಯ ಮೇಘಶ್ರೀಯ ಕೈ ನೋಡಿದಳು. ಮೇಘಶ್ರೀಯೂ ನೋಡಿಕೊಂಡಳು. ಉಗುರಿಗೆ ತಿಳಿ ಗುಲಾಬಿ ಬಣ್ಣ. ನುಣುಪು. ಯಾರೂ ನಂಬುತ್ತಿರಲಿಲ್ಲ.

"ಶಂಕ್ರವ್ವ, ನೀವು ಹೊರಗ್ ಹೋಗಿ," ಎಂದಳು ಮೇಘಶ್ರೀ. ಅವ್ವ ಬಿಟ್ಟುಹೋಗಿತ್ತು.

"ಹೊಕ್ಕೀನಿ," ಎಂದಳು ಶಂಕ್ರವ್ವ. ಮೆಟ್ಟಿಲ ಬಳಿ ಬಂದು ಚಪ್ಪಲಿ ಮೆಟ್ಟಿದಳು. ಹಿಂದೆ ಗೋವಿಂದಮ್ಮ ಸಣ್ಣ ದನಿಯಲ್ಲಿ, ಸಂಜೆ ಒಟ್ಟಿಗೆ ಹೋಗೋಣ, ಕೆಳಗೆ ಕಾಯ್ತಿರು ಎಂದಳು. ಇಬ್ಬರ ಬಾಗಿಲೂ ಅಕ್ಕಪಕ್ಕ, ಬಸ್ಸೂ ಒಂದೇ.

ಶಂಕ್ರವ್ವ ಕಾಯಲಿಲ್ಲ.